ಮೇಲಿಂದ ಕೈ ತರಬಾರದು

ಸಾಕುಪ್ರಾಣಿಗಳ ಅಂಗಡಿ ಇಟ್ಟಿದ್ದ ಸಾದಿಕ್‌ಗೆ ಅಂಥ ಗಿರಾಕಿ ಸಿಕ್ಕಿ ಎಷ್ಟೋ ದಿನವಾಗಿತ್ತು. ಬೇರೆಯವರು ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಸಾಕುಹಾವಿನ ಬಣ್ಣಕ್ಕೇ ಮರುಳಾಗುತ್ತಾರೆ. ಈ ಹೆಂಗಸು ಮಾತ್ರ ಅವನ ಮಣಿಕಟ್ಟಿಗೆ ಸುತ್ತಿಕೊಂಡಿದ್ದ ಕಿತ್ತಳೆ ಬಣ್ಣದ ಮರಿಯತ್ತ ಕಣ್ಣೂ ಹಾಯಿಸದೆ ಅದರ ಸ್ವಭಾವವನ್ನೇ ಕೆದಕಿ ಕೆದಕಿ ಕೇಳುತ್ತಿದ್ದಳು.

“ಹೊಸ ಮನೇಲಿ ಊಟ ಬಿಟ್ಟು ಅವಿತು ಕೂತ್ರೆ?”

“ಕೂರ್ಲಿ ಬಿಡಿ ಅಮ್ಮ. ಒಂದು ವಾರ ಮುಟ್ಲೇಬೇಡಿ. ಸುಮ್ನೆ ಹತ್ರ ಕೂತಿರಿ, ನಿಮ್ಮ ವಾಸನೆ ಅಭ್ಯಾಸ ಆಗ್ಲಿ. ಮೇಲಿಂದ ಮಾತ್ರ ಕೈ ತರಬೇಡಿ, ಹದ್ದು ಬಂತು ಅಂತ ಹೆದರುತ್ತೆ. ಪಕ್ಕದಿಂದ, ನಿಧಾನಕ್ಕೆ ತನ್ನಿ.”

“ಮೊದಲಿದ್ದ ಮನೇಲಿ ಹೊಡೆದಿದ್ರೆ?”

ಸಾದಿಕ್ ಮಣಿಕಟ್ಟಿನ ಮರಿಯನ್ನು ಮೆಲ್ಲಗೆ ಸವರಿದ. “ಪಾಪ, ಹಾಗಿದ್ರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಬೇಜಾರು ಮಾಡ್ಕೋಬೇಡಿ. ಒಂದು ದಿನ ತಾನಾಗೇ ನಿಮ್ಮ ಕೈ ಹತ್ತುತ್ತೆ. ಆಗ್ಲೂ ಬಿಗಿಯಾಗಿ ಹಿಡೀಬೇಡಿ.”

ಆಕೆ ತಲೆಯಾಡಿಸಿ ಎದ್ದು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡಳು.

“ಈ ಮರೀನೇ ಡಬ್ಬೀಲಿ ಹಾಕಿ ಕೊಡ್ಲಾ ಅಮ್ಮ?”

“ಹಾವು ಈಗ ಬೇಡಪ್ಪ. ಅವಳಿಗೆ ಇಷ್ಟ ಅಂತ ಕೊಳ್ಳೋಕೆ ಬಂದಿದ್ದೆ. ತೀರಿಹೋದ ನನ್ನ ತಂಗಿಯ ಮಗಳು, ಆರು ವರ್ಷ. ಅವರಪ್ಪನ ಮನೆಯಿಂದ ಕರ್ಕೊಂಡು ಬಂದು ಮೂರು ದಿನ ಆಯ್ತು, ಮಂಚದ ಕೆಳಗಿಂದ ಹೊರಗೇ ಬಂದಿಲ್ಲ.”