ರೇಸ್ ಪಂಡಿತನ ಪರೀಕ್ಷೆ

ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಪಕ್ಕದ ಸೀಟಿನಲ್ಲಿದ್ದ ಬಿಳಿ ಅಂಗಿಯ ಮನುಷ್ಯ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಕ್ಲಚ್ ಬೇಗ ಬಿಟ್ರಿ, ಅಲ್ವಾ ಸರ್?”

“ಹೌದು ಸರ್,” ಎಂದ ಪಂಡಿತ. ಕಿವಿಯ ಹಿಂದಿನಿಂದ ಬೆವರು ಇಳಿಯಿತು. ಹೊರಡುವ ಮೊದಲೇ ಒಂದು ತಪ್ಪು ಸಿಕ್ಕಿಬಿದ್ದಿತ್ತು. ಆದರೂ ಎಂಥ ಸಭ್ಯ ಅಧಿಕಾರಿ! ತನ್ನಂಥವನನ್ನೂ ಸರ್ ಎನ್ನುತ್ತಾನೆ. ಹಿಂದಿನ ಸಲದ ಲೈಸೆನ್ಸ್ ಪರೀಕ್ಷೆಗೆ ಬಂದಿದ್ದವರು ‘ಇಳೀರಿ’ ಎಂಬ ಒಂದೇ ಮಾತು ಆಡಿದ್ದರು.

ಪಂಡಿತ ಎಂದರೆ ಶಾಸ್ತ್ರ ಓದಿದವನಲ್ಲ, ಕನ್ನಡಕದ ಅಂಗಡಿ ಇಟ್ಟವನು. ಹಳೆಯ ಕಾರುಗಳ ಅಭಿಮಾನಿ ಸಂಘದವರು ಅವನನ್ನು ಪ್ರೀತಿಯಿಂದ ‘ರೇಸ್ ಪಂಡಿತ’ ಎಂದು ಕರೆಯುತ್ತಿದ್ದರು. ಹಗಲೂ ರಾತ್ರಿ ನಿಲ್ಲದೆ ಓಡುವ ಹಳೇ ಕಾಲದ ಕಾರ್ ಪಂದ್ಯವೊಂದರ ಮೇಲೆ ತೆಗೆದ ಸಾಕ್ಷ್ಯಚಿತ್ರ ಅವನಿಗೆ ಬಾಯಿಪಾಠ. ವರ್ಷಕ್ಕೊಮ್ಮೆ ಸಂಘದಲ್ಲಿ ಅದನ್ನು ತೋರಿಸುವಾಗ ಎದ್ದು ನಿಂತು ವಿವರಿಸುವವನು ಅವನೇ. ಯಾವ ಚಾಲಕ ಯಾವ ತಿರುವಿನಲ್ಲಿ ಬ್ರೇಕ್ ತಡವಾಗಿ ಒತ್ತಿದ, ಅದರ ಸೊಗಸೇನು ಎಂದು ಅವನು ಹೇಳುತ್ತಿದ್ದರೆ ಜೀವಮಾನವಿಡೀ ಕಾರು ಓಡಿಸಿದವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅವನಿಗೆ ಕಾರು ಓಡಿಸಲು ಬಾರದೆಂಬುದು ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಅವನನ್ನು ಹಿಂದಿನ ಬೀದಿಯಲ್ಲೇ ಇಳಿಸಿ ಹೋಗುತ್ತಿದ್ದಳು. ಅವನು ಕೀಲಿಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ, ಸೀಟಿ ಹೊಡೆಯುತ್ತ ಒಳಗೆ ಹೋಗುತ್ತಿದ್ದ. ಅದು ಅಂಗಡಿಯ ಬಾಗಿಲಿನ ಕೀಲಿ.

ಇವತ್ತು ಸಂಜೆ ಮತ್ತೆ ಪ್ರದರ್ಶನ. ಈ ಸಲ ಅಧ್ಯಕ್ಷರು ಹೊಸ ತರಲೆಯೊಂದನ್ನು ತೆಗೆದಿದ್ದರು. ಚಿತ್ರ ಮುಗಿದ ಮೇಲೆ ಎಲ್ಲರ ಕಾರುಗಳ ಮೆರವಣಿಗೆ. ಅಧ್ಯಕ್ಷರ ಹಳೇ ಕಾರನ್ನು ಓಡಿಸಿಕೊಂಡು ಎಲ್ಲರಿಗಿಂತ ಮುಂದೆ ಪಂಡಿತ. ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಇಷ್ಟು ವರ್ಷ ಜೋಪಾನ ಮಾಡಿದ ಮಾನ ಒಂದೇ ಸಂಜೆಗೆ ಮಣ್ಣುಪಾಲು.

“ನಿಜ ಹೇಳ್ಬಿಡಿ. ನಗ್ತಾರೆ, ಅಷ್ಟೇ ತಾನೆ?” ಎಂದಿದ್ದಳು ಹೆಂಡತಿ, ಇಲ್ಲಿಗೆ ಕರೆತರುವಾಗ. ಅವನು ಹೆದರಿದ್ದೇ ಆ ನಗುವಿಗೆ. “ಹೋಗ್ಲಿ, ಬಾಯಿ ಮುಚ್ಕೊಂಡಾದ್ರೂ ಓಡ್ಸಿ.”

ಆ ಎರಡನೆಯದಂತೂ ಅವನ ಕೈಲಾಗುವ ಕೆಲಸವೇ ಅಲ್ಲ. ಸಾಕ್ಷ್ಯಚಿತ್ರ ತಲೆಗೆ ಎಷ್ಟು ಏರಿತ್ತೆಂದರೆ, ಪರೀಕ್ಷೆ ಶುರುವಾದದ್ದೂ ಅದರಂತೆಯೇ. ಅದರ ಮೊದಲ ದೃಶ್ಯದಲ್ಲಿ ಬಾವುಟ ಬೀಳುತ್ತಲೇ ಚಾಲಕರೆಲ್ಲ ರಸ್ತೆಯ ಆಚೆಯಿಂದ ಓಡಿಬಂದು ಕಾರಿಗೆ ಹಾರುತ್ತಾರೆ. “ಮುಂದಿನವ್ರು ಟೆಸ್ಟ್ ಕಾರಿನ ಹತ್ರ ಹೋಗಿ, ಸಾಹೇಬ್ರು ಅಲ್ಲಿಗೇ ಬರ್ತಾರೆ!” ಎಂದು ಗುಮಾಸ್ತ ಕಿಟಕಿಯಿಂದ ಕೂಗಿದ್ದೇ ತಡ, ಪಂಡಿತನೂ ಅಂಗಳ ದಾಟಿ ಹಾಗೆಯೇ ಓಡಿದ. ಬಿಳಿ ಅಂಗಿಯವನು ಆಗಲೇ ಅಲ್ಲಿ ಚಾಲಕನ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದ. “ಬಂದೆ ಸರ್, ಆ ಕಡೆ ಕೂತ್ಕೊಳ್ಳಿ!” ಎಂದು ಪಂಡಿತ ಒಳಗೆ ನುಗ್ಗಿದ. ಬಿಳಿ ಅಂಗಿಯವನು ಸುತ್ತಿಕೊಂಡು ಹೋಗಿ ಪಕ್ಕದಲ್ಲಿ ಕುಳಿತ.

ಕಾರು ಮತ್ತೆ ಹೊರಟಿತು. ಪರೀಕ್ಷೆಯ ಅಂಗಳದ ಬಿಳಿ ಗೆರೆಗಳ ನಡುವೆ ಹೋಗಬೇಕಿತ್ತು. ಸುಮಾರಾಗಿ ಹೋಯಿತು.

“ಹಳೇ ಕಾರ್ ರೇಸಿನ ಡಾಕ್ಯುಮೆಂಟರಿ ನೋಡಿದೀರಾ ಸರ್?” ಪಂಡಿತನ ನಾಲಗೆ ತಡೆಯಲಿಲ್ಲ.

ಬಿಳಿ ಅಂಗಿಯವನ ಮುಖ ಬಿಳಿಚಿಕೊಂಡಿತು. “ಇಲ್ವಲ್ಲ ಸರ್. ನೋಡಿರ್ಲೇಬೇಕಿತ್ತಾ?”

“ಮತ್ತೆ? ಅದನ್ನ ನೋಡ್ದೇ ಇರೋನಿಗೆ ಸ್ಟೀರಿಂಗ್ ಮುಟ್ಟೋ ಯೋಗ್ಯತೆನೇ ಇಲ್ಲ!”

ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಅಧಿಕಾರಿಯ ಮುಖಕ್ಕೇ ಎಂಥ ಮಾತು! ಆದರೆ ಆ ಮನುಷ್ಯ ತಲೆ ತಗ್ಗಿಸಿ, “ಸ್ವಲ್ಪ ನೀವೇ ಹೇಳಿ ಸರ್,” ಎಂದ.

ಪಂಡಿತನಿಗೆ ಇನ್ನೇನು ಬೇಕು? ಟೈರುಗಳ ರಾಶಿಯ ಮೇಲೆ ಸ್ಪ್ಯಾನರ್ ಹಿಡಿದೇ ನಿದ್ದೆಹೋದ ಮೆಕ್ಯಾನಿಕ್ಕಿನ ಬಗ್ಗೆ ಹೇಳಿದ. ಬೆಳಗಿನ ಜಾವ ಹುಳುಗಳು ಮೆತ್ತಿದ ಗಾಜಿನ ಹಿಂದೆ ಕಾಣುವ ಒಂದು ಜೊತೆ ಕಣ್ಣುಗಳ ಬಗ್ಗೆ, ಆಗ ವಿವರಣೆಯ ದನಿಯೂ ಸುಮ್ಮನಾಗಿ ಬರೀ ಎಂಜಿನ್ ಸದ್ದು ಉಳಿಯುವುದರ ಬಗ್ಗೆ ಹೇಳಿದ. ಗೆದ್ದವನನ್ನು ಆ ಚಿತ್ರ ಕ್ಷಣಮಾತ್ರ ತೋರಿಸುತ್ತದೆ. ಎಲ್ಲರೂ ಗಂಟುಮೂಟೆ ಕಟ್ಟಿದ ಮೇಲೆ ಕುಂಟುತ್ತ ಬಂದ ಕೊನೆಯ ಕಾರನ್ನು, ಸ್ಟೀರಿಂಗ್ ಬಿಡಲಾರದ ಅದರ ಚಾಲಕನ ಕೈಗಳನ್ನು ತುಂಬ ಹೊತ್ತು ತೋರಿಸುತ್ತದೆ. ಅದನ್ನು ಹೇಳುವಾಗ ಪಂಡಿತ ತೋಳಿನಿಂದ ಕಣ್ಣು ಒರೆಸಿಕೊಂಡ. ಪ್ರತಿ ಸಲವೂ ಒರೆಸಿಕೊಳ್ಳುತ್ತಿದ್ದ. ಅದೊಂದರಲ್ಲಿ ಅವನು ಯಾರಿಗೂ ಮೋಸ ಮಾಡಿರಲಿಲ್ಲ.

“ಇಂಡಿಕೇಟರ್ ಹಾಕ್ಲಿಲ್ಲ ಸರ್!” ಬಿಳಿ ಅಂಗಿಯವನು ಥಟ್ಟನೆ ಹೇಳಿದ. ಅವನ ಕಣ್ಣು ಹೊಳೆಯುತ್ತಿತ್ತು.

“ತಪ್ಪಾಯ್ತು ಸರ್.”

“ನಿಲ್ಲೋ ಗೆರೆ ದಾಟಿದ್ರಿ! ಈಗ ಹಿಂದೆ ನೋಡ್ದೇನೇ ರಿವರ್ಸ್ ತಗೊಂಡ್ರಿ! ಕಂಬಕ್ಕೆ ತಾಗಿಸಿದ್ರಿ, ಅಲ್ವಾ ಸರ್?”

ತಪ್ಪು ಹೆಚ್ಚಿದಷ್ಟೂ ಅವನ ಹುರುಪು ಹೆಚ್ಚುತ್ತಿತ್ತು. ಇನ್ನೊಬ್ಬರ ಸಂಕಟದಲ್ಲಿ ಇಷ್ಟು ಸುಖಪಡುವ ಅಧಿಕಾರಿಯನ್ನು ಪಂಡಿತ ಕಂಡಿರಲಿಲ್ಲ. ಹೊರಟ ಜಾಗಕ್ಕೇ ಬಂದು, ಓರೆಯಾಗಿ ನಿಲ್ಲಿಸಿ, ಎಂಜಿನ್ ಆರಿಸಿದ. ದೂರದ ಬೆಂಚಿನಲ್ಲಿ ಹೆಂಡತಿ ಹಣೆ ಹಿಡಿದುಕೊಂಡು ಕುಳಿತಿದ್ದಳು. ಸಂಜೆ ಸಂಘದಲ್ಲಿ ಹೇಗೆ ಬಾಯಿ ಬಿಡುವುದು, ಯಾರು ಮೊದಲು ನಗುತ್ತಾರೆ ಎಂದೆಲ್ಲ ಲೆಕ್ಕ ಹಾಕುತ್ತ ಅವನು ಕಣ್ಣು ಮುಚ್ಚಿದ.

“ಮುಚ್ಚುಮರೆ ಬೇಡ ಸರ್. ನನ್ನ ಡ್ರೈವಿಂಗ್ ಹೇಗಿತ್ತು, ಹೇಳ್ಬಿಡಿ.”

“ಅದ್ಭುತ ಸರ್!”

ಪಂಡಿತ ಕಣ್ಣು ತೆರೆದ. ಎದೆ ಉಬ್ಬಿತು. ಗೊತ್ತಿದ್ದವರು ಸಿಕ್ಕರೆ ಹೀಗೆಯೇ. ತಪ್ಪುಗಳ ಆಚೆಗೂ ನಿಜವಾದ ಚಾಲಕನನ್ನು ಗುರುತಿಸುವವರು ಇದ್ದೇ ಇರುತ್ತಾರೆ. ಮೆರವಣಿಗೆಯ ಮೊದಲ ಕಾರು, ಕಿಟಕಿಯಿಂದ ಹೊರಗಿಟ್ಟ ತನ್ನ ಮೊಣಕೈ, ಎಲ್ಲವೂ ಕಣ್ಮುಂದೆ ಬಂದವು. “ನಿಜವಾಗ್ಲೂ?” ಎಂದ.

“ನಿಜವಾಗ್ಲೂ ಸರ್! ಬೇಕಂತಲೇ ಇಷ್ಟು ತಪ್ಪು ಮಾಡಿ ತೋರ್ಸೋದು ಎಲ್ರಿಗೂ ಆಗೋ ಕೆಲಸ ಅಲ್ಲ, ನಾನೂ ಒಂದೂ ಬಿಡ್ದೆ ಹಿಡಿದಿದೀನಿ,” ಎಂದ ಬಿಳಿ ಅಂಗಿಯವನು, ಸೀಟ್‌ಬೆಲ್ಟ್ ಬಿಚ್ಚುತ್ತ. “ಈಗ ನಾನು ಆ ಕಡೆ ಬರ್ಲಾ ಸರ್? ನನ್ನ ಟೆಸ್ಟ್ ತಗೊಳ್ತೀರಾ?”