ಅಕ್ಟೋಬರ್ ಹದಿನಾಲ್ಕರ ಪೆಟ್ಟಿಗೆ

ಅಪ್ಪ ಸುಳ್ಳುಗಾರ ಎಂದು ಸಾಬೀತು ಮಾಡಲು ವಾಂಡಾ ಬೊರೊವ್ಸ್ಕಿ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಅಪ್ಪ ಇನ್ನೂ ಮಣ್ಣಾಗಿರಲಿಲ್ಲ. ಬಾಲ್ಟಿಮೋರಿನಲ್ಲಿ ಶವಪೆಟ್ಟಿಗೆಯೊಳಗೆ ಶನಿವಾರಕ್ಕಾಗಿ ಕಾಯುತ್ತಿದ್ದ.

ದೇಶದ ಮಾಜಿ ಅಧ್ಯಕ್ಷರ ದಾಖಲೆಗಳ ಸಂಗ್ರಹಾಲಯದಲ್ಲಿ ಅವಳ ಕೋಟು, ಕೈಚೀಲ, ಪೆನ್ನು ಎಲ್ಲವನ್ನೂ ಹೊರಗಿಡಿಸಿ, ಕೈಗೊಂದು ಪೆನ್ಸಿಲ್ ಕೊಟ್ಟು ಒಳಗೆ ಬಿಟ್ಟರು. ಓದುವ ಕೋಣೆಯ ಮೇಲ್ವಿಚಾರಕಿ ಮಿಸ್ ಪ್ರೂಯಿಟ್ ಅಧ್ಯಕ್ಷರ ದಿನಚರಿಯಿದ್ದ ಬೂದು ಬಣ್ಣದ ರಟ್ಟಿನ ಪೆಟ್ಟಿಗೆಯೊಂದನ್ನು ತಂದಿಟ್ಟಳು.

"ಒಂದೇ ದಿನದ್ದು ಸಾಕಾ ಮೇಡಂ? ಜನ ಯುದ್ಧ, ಚುನಾವಣೆ ಅಂತ ವರ್ಷಗಟ್ಟಲೆ ತೆಗೆಸ್ತಾರೆ."

"ಒಂದು ದಿನ ಸಾಕು. ಅಧ್ಯಕ್ಷರು ಯಾರ ಹತ್ರ ಮಾತಾಡಿದ್ರೂ ಇದ್ರಲ್ಲಿ ಇರತ್ತಲ್ವಾ?"

"ನಿಮಿಷದ ಸಮೇತ. ಸೀನಿದ್ದೊಂದು ಬಿಟ್ಟು ಎಲ್ಲಾ ಬರ್ದಿರ್ತಾರೆ."

ವಾಂಡಾಳಿಗೆ ಬೇಕಿದ್ದದ್ದೂ ಅಷ್ಟೇ.

ಅಪ್ಪ ಕಾಜಿಮಿರ್ ಲಿಫ್ಟ್ ಮೆಕ್ಯಾನಿಕ್. ನಲವತ್ತು ವರ್ಷದ ಹಿಂದೆ, ಅಕ್ಟೋಬರ್ ಹದಿನಾಲ್ಕರ ಮಧ್ಯಾಹ್ನ, ಅಧ್ಯಕ್ಷರು ಸಿಕ್ಕಿಬಿದ್ದಿದ್ದ ಲಿಫ್ಟನ್ನು ತಾನೇ ಬಿಡಿಸಿದೆ, ಅವರು ಕೈಕುಲುಕಿ ಮನೆ ಮಕ್ಕಳ ಸುದ್ದಿ ಕೇಳಿದರು ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ಫೋಟೋ ಇಲ್ಲ, ಪತ್ರ ಇಲ್ಲ. ಈಗ ತಮ್ಮ ಟೆಡ್ ಅದನ್ನೇ ಚರ್ಚಿನಲ್ಲಿ ಎಲ್ಲರೆದುರು ಹೇಳುವವನಿದ್ದ.

"ದೇವರ ಮುಂದೂ ಸುಳ್ಳಾ? ನಾನು ಕೂತು ಕೇಳಲ್ಲ," ಎಂದಿದ್ದಳು ವಾಂಡಾ.

"ಸುಳ್ಳು ಅನ್ನೋಕೆ ನಿನ್ನ ಹತ್ರ ಏನಿದೆ ಅಕ್ಕಾ?"

"ತರ್ತೀನಿ, ತಾಳು."

ಅವಳ ಸಿಟ್ಟಿಗೆ ಕಾರಣವಿತ್ತು. ಅದೇ ದಿನ ಅವಳಿಗೆ ಹತ್ತೊಂಬತ್ತು ತುಂಬಿತ್ತು. ಅಪ್ಪನ ಕುಡಿತದ ಗೆಳೆಯ ಗಸ್ ಅಧ್ಯಕ್ಷರ ದನಿಯನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದನೆಂದರೆ ಬಾರಿನಲ್ಲಿದ್ದವರು ಎದ್ದು ಸೆಲ್ಯೂಟ್ ಹೊಡೆಯುತ್ತಿದ್ದರು. ಅಪ್ಪ ಅವನಿಂದ ಅವಳಿದ್ದ ನರ್ಸಿಂಗ್ ಹಾಸ್ಟೆಲ್ಲಿಗೆ ಅಧ್ಯಕ್ಷರ ದನಿಯಲ್ಲಿ ಫೋನ್ ಮಾಡಿಸಿದ್ದ. ಬೆನ್ನ ಹಿಂದೆ ಹತ್ತು ಹುಡುಗಿಯರು ಕಿವಿ ನಿಮಿರಿಸಿ ನಿಂತಿದ್ದರು. "ಗಸ್, ನಾಚ್ಕೆ ಆಗಲ್ವಾ ನಿಂಗೆ? ಹಾಡುಹಗಲೇ ಕುಡ್ದಿದೀರಾ ಇಬ್ರೂ?" ಎಂದು ಬೈದು ಫೋನ್ ಕುಕ್ಕಿದ್ದಳು.

ಆ ಕ್ರಿಸ್‌ಮಸ್ ಊಟದಲ್ಲಿ, ನೆಂಟರೆಲ್ಲರ ಎದುರು, ಅಪ್ಪನಿಂದ ತಪ್ಪೊಪ್ಪಿಗೆ ಕೇಳಿ ಪಡೆದಳು. ಅವನು ತಟ್ಟೆಯಲ್ಲಿದ್ದ ಪಿಯರೋಗಿ ಕಡುಬನ್ನೇ ಬಹಳ ಹೊತ್ತು ನೋಡಿದ. "ಆಯ್ತಮ್ಮಾ, ತಪ್ಪಾಯ್ತು. ಗಸ್‌ಗೆ ಹೇಳ್ಬಾರ್ದಾಗಿತ್ತು," ಎಂದ. ಅಂದಿನಿಂದ ಅವಳು ಕೋಣೆಗೆ ಬಂದರೆ ಸಾಕು, ಅಧ್ಯಕ್ಷರ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಚಳಿಯ ಮಾತೆತ್ತುತ್ತಿದ್ದ. ಗೆದ್ದೆ ಎಂದುಕೊಂಡಿದ್ದಳು ವಾಂಡಾ.

ಟೈಪು ಮಾಡಿದ ಹಾಳೆಯ ಮೇಲೆ ಬೆರಳಿಟ್ಟು ಓದಿದಳು. 6.50, ಉಪಾಹಾರ. 11.30, ರಾಯಭಾರಿಯ ಭೇಟಿ. 11.52, ಅಧ್ಯಕ್ಷರು ಲಿಫ್ಟ್ ಹತ್ತಿದರು. 12.20, ಊಟ. ನಡುವೆ ಏನೂ ಇಲ್ಲ. ಕೊನೆಯಲ್ಲಿದ್ದ ಭೇಟಿಗಾರರ ಪಟ್ಟಿಯಲ್ಲಿ ಮೂವತ್ತೊಂದು ಹೆಸರುಗಳಿದ್ದವು, ಬೊರೊವ್ಸ್ಕಿ ಇರಲಿಲ್ಲ.

ಎದೆಯಲ್ಲೊಂದು ಸಂತೋಷ ಚಿಮ್ಮಿತು. ಮರುಕ್ಷಣವೇ ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಐವತ್ತೊಂಬತ್ತು ವರ್ಷದ ಹೆಂಗಸು, ಸತ್ತ ಅಪ್ಪನನ್ನು ಸೋಲಿಸಿ ಹಿಗ್ಗುತ್ತಿದ್ದಾಳೆ! ಹಾಳೆಗಳನ್ನು ಸರಸರನೆ ಜೋಡಿಸತೊಡಗಿದಳು.

"ಮುಗೀತಾ? ಅಡಿಯಲ್ಲಿರೋ ಚೀಟಿ ನೋಡ್ಲೇ ಇಲ್ವಲ್ಲ," ಎಂದಳು ಮಿಸ್ ಪ್ರೂಯಿಟ್. "ಕಾವಲಿನವರು, ಟೆಲಿಫೋನಿನವರು ಆಗಿಂದಾಗ ಗೀಚಿ ಕಳಿಸಿದ್ದು. ಟೈಪ್ ಮಾಡೋರು ಎಷ್ಟೋ ಬಿಟ್ಬಿಡ್ತಿದ್ರು. ಅದ್ರಲ್ಲೂ ರಿಪೇರಿಗೆ ಬಂದವರನ್ನ ಯಾರು ಲೆಕ್ಕಕ್ಕಿಡ್ತಾರೆ ಹೇಳಿ."

ವಾಂಡಾ ಅವಳ ಮುಖ ನೋಡಿದಳು. ರಿಪೇರಿಯ ಮಾತನ್ನು ತಾನು ಆಡಿರಲೇ ಇಲ್ಲ.

"ನಿಮ್ ತಂದೆ ಬರ್ತಿದ್ರು," ಎಂದಳು ಮಿಸ್ ಪ್ರೂಯಿಟ್, ದನಿ ತಗ್ಗಿಸಿ. "ಸಹಿ ಪುಸ್ತಕದಲ್ಲಿ ನಿಮ್ ಮನೆತನದ ಹೆಸರು ನೋಡ್ದೆ. ವರ್ಷಕ್ಕೊಂದ್ಸಲ ಬಂದು, ಇದೇ ಪೆಟ್ಟಿಗೆ ತೆಗೆಸಿ ನೋಡಿ ಹೋಗ್ತಿದ್ರು. ನಕಲು ಕೊಡ್ಲಾ ಅಂದ್ರೆ ಬೇಡ ಅಂತಿದ್ರು."

ಮೊದಲ ಚೀಟಿ ಕಾವಲಿನವನದು. '11.52. ಲಿಫ್ಟ್ ನಿಂತಿತು. ಮೆಕ್ಯಾನಿಕ್ ಬೊರೊವ್ಸ್ಕಿ ಬಂದ. 12.06. ಅಧ್ಯಕ್ಷರು ಹೊರಗೆ. ಮೆಕ್ಯಾನಿಕ್‌ನನ್ನು ಕಚೇರಿಗೆ ಕರೆದೊಯ್ದರು.'

ಅಕ್ಷರಗಳು ಮಂಜಾದವು. ಮತ್ತೊಮ್ಮೆ ಓದಿದಳು. ಅಪ್ಪ ಹೇಳಿದ್ದೆಲ್ಲ ನಿಜ. ಆಧಾರ ಕೈಯಲ್ಲಿದ್ದರೂ ಮನೆಗೆ ತರಲಿಲ್ಲವೇಕೆ? ಖುಷಿಗೆ ಆಮೇಲೆ ಬಾರಿಗೆ ಹೋಗಿ, ಗಸ್‌ನಿಂದ ಆ ಹಾಳು ಫೋನ್ ಮಾಡಿಸಿರಬೇಕು. ಇರಲಿ, ಅಷ್ಟನ್ನು ಕ್ಷಮಿಸಬಹುದು. ಶನಿವಾರ ಟೆಡ್ ಹೇಳಲಿ, ತಾನು ಮುಂದಿನ ಸಾಲಿನಲ್ಲೇ ಕೂತು ಕೇಳುವೆ ಎಂದುಕೊಂಡು ಕೊನೆಯ ಚೀಟಿಯನ್ನು ಎತ್ತಿಕೊಂಡಳು. ಅದು ಟೆಲಿಫೋನ್ ಕೊಠಡಿಯದು. ಹಿಡಿದು ಹಿಡಿದು ಅಂಚು ಸವೆದಿತ್ತು.

'12.11. ಅಧ್ಯಕ್ಷರಿಂದ ಮಿಸ್ ವಾಂಡಾ ಬೊರೊವ್ಸ್ಕಿಗೆ, ನರ್ಸಿಂಗ್ ಹಾಸ್ಟೆಲ್, ಹುಟ್ಟುಹಬ್ಬದ ಶುಭಾಶಯ ತಿಳಿಸಲು. ಅಧ್ಯಕ್ಷರನ್ನು ಯಾರೋ ಗಸ್ ಎಂದು ತಿಳಿದು, ಬೈದು, ಆಕೆ ಕರೆ ಕಡಿದರು. ಮತ್ತೆ ಜೋಡಿಸಲು ಅಧ್ಯಕ್ಷರು ಹೇಳಿದರು. ನಿಜ ಗೊತ್ತಾದರೆ ಮಗಳು ನಾಚಿಕೆಯಿಂದ ಸಾಯುತ್ತಾಳೆ, ದಯವಿಟ್ಟು ಬೇಡ ಎಂದು ಪಕ್ಕದಲ್ಲಿದ್ದ ತಂದೆ ಕೇಳಿಕೊಂಡರು.'