ದ್ರೌಪದಿಯ ಕತ್ತುನೋವು

"ನಮ್ಮವ್ವನಾಣೆ ಮೇಡಂ, ಒಂದಕ್ಷರ ಸುಳ್ಳಿದ್ರೆ ಕೇಳಿ," ಎಂದೆ, ದ್ರೌಪದಿಯ ಕೆನ್ನೆಗೆ ಬಣ್ಣ ಹಚ್ಚುತ್ತ. ಊರೂರಿನ ನಾಟಕಗಳಿಗೆ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಮೇಕಪ್ಪು ನನ್ನ ಕೆಲಸ.

ಒಂದು ವರ್ಷದಿಂದ ನಮ್ಮ ಕಡೆಯ ನಾಟಕಗಳಲ್ಲಿ ದ್ರೌಪದಿ ಈಕೆಯೇ. ಕತ್ತುನೋವು, ತಲೆನೋವು ಬೇರೆ. ಹಿಂದೆ ಸಿನಿಮಾ ಆಸೆಗೆ ಎದೆಗೆ ಇಂಪ್ಲಾಂಟ್ ಹಾಕಿಸಿಕೊಂಡಿದ್ದರು. ನೋವು ಅದರ ಭಾರಕ್ಕೇ ಇರಬೇಕೆಂದು, ಸೋಮವಾರ ಅದನ್ನು ತೆಗೆಸಲು ಆಸ್ಪತ್ರೆಯಲ್ಲಿ ದಿನ ನಿಗದಿಯಾಗಿತ್ತು.

"ತೆಗೆಸಿದ್ರೆ ನೋವು ಹೋಗುತ್ತಾ, ಅದನ್ನ ಹೇಳಿ ಮಾಮ. ಡಾಕ್ಟ್ರು ಹೋಗ್ಬಹುದು, ಆದ್ರೆ ಗ್ಯಾರಂಟಿ ಇಲ್ಲ ಅಂತಾರೆ."

"ನಿಮಗಿಂತ ಮೊದಲಿದ್ದ ದ್ರೌಪದಿನೂ ತೆಗೆಸಿದ್ಲು. ಒಂದು ತಿಂಗಳು ಮನೇಲಿ ರೆಸ್ಟು. ಕತ್ತು ಎಷ್ಟು ಹಗುರ ಆಯ್ತು ಅಂದ್ರೆ, ಬಸ್ಸಲ್ಲಿ ಮೈ ತಿರುಗಿಸ್ದೇನೆ ಹಿಂದಿನ ಸೀಟಿನವ್ರ ಜೊತೆ ಹರಟೆ ಹೊಡೆಯೋಳು."

"ಗೂಬೆ ಥರಾನಾ?"

"ಗೂಬೆಗೇ ನಾಚಿಕೆ ಆಗ್ಬೇಕು."

ಆಕೆ ನಕ್ಕರು. "ಹಾಗಾದ್ರೆ ಸೋಮವಾರ ಹೋಗೇಬಿಡ್ತೀನಿ."

"ಹೋಗಿ. ಆದ್ರೆ ಅವಳು ಮತ್ತೆ ಸ್ಟೇಜ್ ಹತ್ತಿದ ದಿನಾನೇ ನೋವು ವಾಪಸ್ ಬಂತು."

"ಅಯ್ಯೋ, ಯಾಕೆ?"

ನಾನು ಪೆಟ್ಟಿಗೆಯಿಂದ ಕಿರೀಟವನ್ನು ಎರಡೂ ಕೈಯಲ್ಲಿ ಎತ್ತಿ ಆಕೆಯ ತಲೆಗಿಟ್ಟೆ. "ಇದು ತೂತಾದಾಗೆಲ್ಲ ನಮ್ಮ ಯಜಮಾನ್ರು ಹೊಸದು ತರಲ್ಲ, ಮೇಲೊಂದು ಹಿತ್ತಾಳೆ ತಗಡು ಹೊಡೆಸ್ತಾರೆ. ಮೂವತ್ತು ವರ್ಷದಿಂದ ಹಿಂಗೇ. ಹೋದ ಯುಗಾದೀಲಿ ತಕ್ಕಡಿಗಿಟ್ರೆ, ತಾಯಾಣೆ, ಐದು ಕೆಜಿ ಮೇಲೆ..."

ಆಕೆ ಕಿರೀಟವನ್ನು ತೆಗೆದು ನನ್ನ ತಲೆಗಿಟ್ಟು, ಬರಿತಲೆಯಲ್ಲೇ ಸ್ಟೇಜಿನ ಕಡೆ ನಡೆದರು.